ಆಕಳಿಸದ ಎದುರಾಳಿ

ಕಳೆದ ಕಾರ್ತಿಕ ಮಾಸದ ಒಂದು ಬೆಳಗ್ಗೆ 71 ವರ್ಷದ ನಿವೃತ್ತ ಮಾಸ್ತರರೊಬ್ಬರು ಸೊಸೆಯೊಡನೆ ನನ್ನ ಚಿಕಿತ್ಸಾಲಯಕ್ಕೆ ಬಂದರು. ಶ್ರೀಮಠದ ಹಳೆಯ ಭಕ್ತರು; ಶ್ರಾವಣದ ಪ್ರವಚನವನ್ನು ಒಂದು ದಿನವೂ ತಪ್ಪಿಸದವರು. ಕಣ್ಣುರಿ, ಮಲಬದ್ಧತೆ, ಕತ್ತಿನ ಹಿಂಭಾಗದಲ್ಲಿ ನೋವು, ರಾತ್ರಿ ನಿದ್ರೆಯಿಲ್ಲ, ಹಗಲು ತೂಕಡಿಕೆ, ಇವು ಅವರ ತೊಂದರೆಗಳು. ನಾಡಿ ನೋಡಿದೆ, ನಾಲಗೆ ನೋಡಿದೆ. ರಕ್ತದೊತ್ತಡ ತುಸು ಏರಿತ್ತು. ರಾತ್ರಿ ಎಷ್ಟು ಗಂಟೆಗೆ ಮಲಗುತ್ತೀರಿ ಎಂದು ಕೇಳಿದೆ. ಮಾಸ್ತರರು ತಲೆ ತಗ್ಗಿಸಿದರು. ಉತ್ತರವನ್ನು ಸೊಸೆ ಕೊಟ್ಟಳು. “ರಾತ್ರಿ ಎರಡು ಗಂಟೆ ಆದ್ರೂ ಮಾವಾರ ಖೋಲಿಯಾಗ ಮೊಬೈಲ್ ಬೆಳಕು ಇರ್ತೈತ್ರಿ.”

“ರೊಕ್ಕದ ಆಟ ಅಲ್ರಿ ಡಾಕ್ಟರ್ರ. ಕಂಪ್ಯೂಟರ್ ಜೋಡಿ ಬರೇ ಎಲಿ ಆಡೂದು,” ಎಂದು ಮಾಸ್ತರರು ಅವಸರದಿಂದ ಸೇರಿಸಿದರು.

ಅವರ ಅನುಮತಿ ಪಡೆದು, ಹೆಸರು ಬಿಟ್ಟು ಈ ಸಂಗತಿಯನ್ನು ಬರೆಯುತ್ತಿದ್ದೇನೆ. ಏಕೆಂದರೆ ಕಳೆದ ಎರಡು ಮೂರು ವರ್ಷಗಳಲ್ಲಿ ಇದೇ ಬಗೆಯ ಮಾತನ್ನು ನಾನು ಹಲವು ಹಿರಿಯರ ಬಾಯಲ್ಲಿ ಕೇಳಿದ್ದೇನೆ. ಹಣ ಹೋಗುವುದಿಲ್ಲ, ಯಾರ ಮನೆಯೂ ಮುರಿಯುವುದಿಲ್ಲ, ಬುದ್ಧಿಗೆ ಕಸರತ್ತಾಗುತ್ತದೆ. ಹೀಗಿರುವಾಗ ಇದರಲ್ಲಿ ಏನು ಕೆಡುಕು ಎಂಬುದು ಅವರೆಲ್ಲರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ನನಗೆ ತೋಚಿದ ಉತ್ತರವನ್ನು ಭಕ್ತರ ಮುಂದೆ ಇಡುತ್ತೇನೆ.

ಮಾಸ್ತರರು ಆಡುತ್ತಿದ್ದುದು ನಮ್ಮೂರ ಹದಿಮೂರೆಲೆಯ ರಮ್ಮಿಯಲ್ಲ. ಜಿನ್ ರಮ್ಮಿ ಎಂಬ ಅಮೆರಿಕದ ಆಟ. ಇದನ್ನು 1909ರ ಸುಮಾರಿಗೆ ನ್ಯೂಯಾರ್ಕಿನ ಎಲ್‌ವುಡ್ ಬೇಕರ್ ಎಂಬುವರು ರೂಪಿಸಿದರೆಂದು ಹೇಳುತ್ತಾರೆ. ಹಿರಿಯ ಮಗ ಅಮೆರಿಕದಲ್ಲಿದ್ದಾನೆ. ಏಳು ವರ್ಷದ ಹಿಂದೆ ಮಾಸ್ತರ ದಂಪತಿಗಳು ಆರು ತಿಂಗಳು ಅಲ್ಲಿಗೆ ಹೋಗಿದ್ದಾಗ, ಹಿಮ ಬಿದ್ದು ಹೊರಗೆ ಕಾಲಿಡಲಾಗದ ದಿನಗಳಲ್ಲಿ, ಮಗನೇ ತಂದೆತಾಯಿಗಳಿಗೆ ಈ ಆಟವನ್ನು ಕಲಿಸಿದನಂತೆ. ಊರಿಗೆ ಮರಳಿದ ಮೇಲೂ ರಾತ್ರಿ ಊಟವಾದ ನಂತರ ಗಂಡಹೆಂಡಿರು ಎರಡು ಮೂರು ಆಟ ಆಡಿ ಮಲಗುತ್ತಿದ್ದರು. ಎರಡು ವರ್ಷದ ಹಿಂದೆ ಆ ತಾಯಿ ಲಿಂಗೈಕ್ಯರಾದರು. ತಂದೆಗೆ ಬೇಸರವಾಗಬಾರದೆಂದು ಮಗ ಅದೇ ಆಟವನ್ನು ಅವರ ಮೊಬೈಲಿಗೆ ಹಾಕಿಸಿಕೊಟ್ಟ. ಆತನ ಉದ್ದೇಶದಲ್ಲಿ ದೋಷವಿಲ್ಲ.

ಆಟದ ಕ್ರಮ ಸರಳವಾದದ್ದು. ಇಬ್ಬರೇ ಆಟಗಾರರು, 52 ಎಲೆಗಳು. ಒಬ್ಬೊಬ್ಬರಿಗೆ 10 ಎಲೆ ಹಂಚಿ, ಒಂದನ್ನು ಮೇಲ್ಮುಖವಾಗಿ ತೆರೆದಿಟ್ಟು, ಉಳಿದ 31 ಎಲೆಗಳನ್ನು ಕವುಚಿಡುತ್ತಾರೆ. ಸರದಿ ಬಂದಾಗ ಒಂದು ಎಲೆ ಎತ್ತಬೇಕು, ಒಂದು ಎಲೆ ಬಿಡಬೇಕು. ಒಂದೇ ಬಗೆಯ ಮೂರು ಅಥವಾ ನಾಲ್ಕು ಎಲೆಗಳನ್ನಾಗಲಿ, ಒಂದೇ ರಂಗಿನ ಮೂರು ಅಥವಾ ಹೆಚ್ಚು ಎಲೆಗಳನ್ನು ಕ್ರಮವಾಗಿಯಾಗಲಿ ಕೂಡಿಸಬೇಕು. ಕೂಡದೆ ಉಳಿದ ಎಲೆಗಳಿಗೆ ಲೆಕ್ಕ: ಎಕ್ಕಕ್ಕೆ 1, ರಾಜ, ರಾಣಿ, ಗುಲಾಮನಿಗೆ 10, ಉಳಿದವುಗಳಿಗೆ ಅವುಗಳ ಮೇಲಿರುವಷ್ಟೇ ಅಂಕ. ಹೀಗೆ ಉಳಿದ ಎಲೆಗಳ ಮೊತ್ತ 10 ಅಥವಾ ಅದಕ್ಕಿಂತ ಕಡಿಮೆಯಾದರೆ ಆಟಗಾರನು ಬಾಗಿಲು ತಟ್ಟಿದಂತೆ ಮೇಜನ್ನು ತಟ್ಟಿ ಆ ಸುತ್ತನ್ನು ಮುಗಿಸಬಹುದು. ಹತ್ತೂ ಎಲೆ ಕೂಡಿದರೆ ಅದು ‘ಜಿನ್’, ಹೆಚ್ಚಿನ ಅಂಕ.

ಈ ಆಟದ ಜಾಣ್ಮೆಯೆಲ್ಲ ತಟ್ಟುವ ಹೊತ್ತನ್ನು ಅರಿಯುವುದರಲ್ಲಿದೆ ಎಂದು ಮಾಸ್ತರರೇ ನನಗೆ ತಿಳಿಸಿದರು. ತಟ್ಟಬಹುದಾದ ಕೈ ಇದ್ದರೂ ಹತ್ತೂ ಕೂಡಲಿ ಎಂಬ ಆಸೆಯಿಂದ ಕಾಯುತ್ತ ಕುಳಿತವನು ಅನೇಕ ಸಲ ಸೋಲುತ್ತಾನೆ. ಅಷ್ಟರಲ್ಲಿ ಎದುರಾಳಿ ಮುಗಿಸಿರುತ್ತಾನೆ. “ಸಾಕು ಅನ್ನೂದ ಗೊತ್ತಿರಬೇಕ್ರಿ ಈ ಆಟದಾಗ,” ಎಂದರು. ಮೂವತ್ತೈದು ವರ್ಷ ಮಕ್ಕಳಿಗೆ ಗಣಿತ ಕಲಿಸಿದವರು. ಪ್ರತಿ ಸುತ್ತಿನಲ್ಲಿ ಸಾಕು ಎನ್ನಬಲ್ಲ ಆ ಜಾಣರಿಗೆ ರಾತ್ರಿ ಹತ್ತು ಗಂಟೆಗೆ ಸಾಕು ಎನ್ನಲು ಆಗುತ್ತಿರಲಿಲ್ಲ. ಏಕೆ?

ಇಬ್ಬರು ಮನುಷ್ಯರು ಎದುರುಬದುರು ಕುಳಿತು ಆಡುವ ಆಟಕ್ಕೆ ತನ್ನಿಂತಾನೇ ಒಂದು ಕೊನೆಯಿರುತ್ತದೆ. ಒಬ್ಬರಿಗೆ ಹಸಿವಾಗುತ್ತದೆ, ಒಬ್ಬರಿಗೆ ನೀರಡಿಕೆ. ಒಬ್ಬರು ಕಾಲು ಜೋಮು ಹಿಡಿಯಿತೆಂದು ಏಳುತ್ತಾರೆ. ಒಬ್ಬರು ಆಕಳಿಸಿದರೆ ಇನ್ನೊಬ್ಬರಿಗೂ ಆಕಳಿಕೆ ಬರುತ್ತದೆ. ಎಲೆ ಕಟ್ಟಿಟ್ಟು ಇಬ್ಬರೂ ಮಲಗುತ್ತಾರೆ. ಹೀಗೆ ಎದುರಾಳಿಯ ಶರೀರವೇ ನಮ್ಮ ಶರೀರಕ್ಕೂ ಗಡಿಯಾರವಾಗಿರುತ್ತದೆ. ಕಂಪ್ಯೂಟರಿಗೆ ಹಸಿವಿಲ್ಲ, ನಿದ್ರೆಯಿಲ್ಲ, ಆಕಳಿಕೆಯಿಲ್ಲ. ಸೋತರೆ ಬೇಸರವಿಲ್ಲ, ಗೆದ್ದರೆ ದಣಿವಿಲ್ಲ. ಒಂದು ಆಟ ಮುಗಿದೊಡನೆ ‘ಹೊಸ ಆಟ’ ಎಂಬ ಗುಂಡಿಯನ್ನು ಮುಂದಿಟ್ಟು ಕಾಯುತ್ತ ಇರುತ್ತದೆ. ಆಟವನ್ನು ಮುಗಿಸುವ ಹೊಣೆ ಮೊದಲು ಇಬ್ಬರಲ್ಲಿ ಹಂಚಿಹೋಗಿತ್ತು; ಈಗ ಅದು ಸಂಪೂರ್ಣವಾಗಿ ಒಬ್ಬನ ಮೇಲೆ ಬಿದ್ದಿದೆ. ಅದೂ ನಡುರಾತ್ರಿಯಲ್ಲಿ, ದಣಿದ ಮನಸ್ಸಿನ ಮೇಲೆ.

ಇದು ಬರಿಯ ಕಲ್ಪನೆಯಲ್ಲ. 2017ರ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ರೂಪಿಸಿದ ‘ಲಿಬ್ರಾಟಸ್’ ಎಂಬ ಕಂಪ್ಯೂಟರ್ ಕಾರ್ಯಕ್ರಮಕ್ಕೂ ನಾಲ್ವರು ವೃತ್ತಿಪರ ಆಟಗಾರರಿಗೂ ಇಬ್ಬರಾಡುವ ಪೋಕರ್ ಎಲೆಯಾಟದಲ್ಲಿ ಸ್ಪರ್ಧೆ ನಡೆಯಿತು. 20 ದಿನ, ಒಟ್ಟು 1,20,000 ಸುತ್ತು. ಕಂಪ್ಯೂಟರ್ ದೊಡ್ಡ ಅಂತರದಿಂದ ಗೆದ್ದಿತು. ವೈದ್ಯನಾದ ನನಗೆ ಅದರ ಗೆಲುವಿಗಿಂತ ಮುಖ್ಯವೆನಿಸಿದ್ದು ಬೇರೊಂದು ಸಂಗತಿ. ಹಗಲು ಆಡಿ ದಣಿದ ಮನುಷ್ಯರು ರಾತ್ರಿ ವಿಶ್ರಮಿಸುವಾಗ, ಆ ಯಂತ್ರವು ತನ್ನ ಆಟದಲ್ಲಿ ಅವರು ಕಂಡುಹಿಡಿದ ಲೋಪಗಳನ್ನು ಸೂಪರ್ ಕಂಪ್ಯೂಟರಿನ ನೆರವಿನಿಂದ ಸರಿಪಡಿಸಿಕೊಳ್ಳುತ್ತಿತ್ತು. ನಮ್ಮ ಮೊಬೈಲಿನ ಪುಟ್ಟ ಆಟಕ್ಕೆ ಅಂಥ ಶಕ್ತಿಯಿಲ್ಲ, ನಿಜ. ಆದರೆ ದಣಿವಿಲ್ಲದಿರುವುದರಲ್ಲಿ ಎರಡೂ ಒಂದೇ. ದಣಿಯದವನೊಡನೆ ದಣಿಯುವವನು ಹಟಕ್ಕೆ ಬಿದ್ದರೆ ಫಲವೇನೆಂದು ಹೇಳಬೇಕಾಗಿಲ್ಲ.

ಆಯುರ್ವೇದದ ದೃಷ್ಟಿಯಿಂದ ಇದನ್ನು ನೋಡೋಣ. ಚರಕ ಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ತಡೆಹಿಡಿಯಬಾರದ 13 ವೇಗಗಳನ್ನು ಹೇಳುತ್ತದೆ. ಮೂತ್ರ, ಮಲ, ಹಸಿವು, ನೀರಡಿಕೆ, ಆಕಳಿಕೆ, ನಿದ್ರೆ ಇವೆಲ್ಲ ಆ ಪಟ್ಟಿಯಲ್ಲಿವೆ. ಕೈಯಲ್ಲಿ ಒಳ್ಳೆಯ ಎಲೆ ಕೂಡುತ್ತಿರುವಾಗ ಮೂತ್ರಕ್ಕೆ ಎದ್ದುಹೋಗದೆ ತಡೆದು ಕೂಡುವುದು, ಬಂದ ನಿದ್ರೆಯನ್ನು ಕಣ್ಣುಜ್ಜಿಕೊಂಡು ಓಡಿಸುವುದು, ಇವು ನೋಡಲು ಸಣ್ಣ ಸಂಗತಿಗಳು. ಪ್ರತಿ ರಾತ್ರಿ ನಡೆದರೆ ಸಣ್ಣವಲ್ಲ. ಅದರಲ್ಲೂ ಪ್ರೋಸ್ಟೇಟ್ ಗ್ರಂಥಿ ಬೆಳೆದಿರುವ ವಯಸ್ಸಿನಲ್ಲಿ ಮೂತ್ರ ತಡೆಯುವುದು ಸರ್ವಥಾ ಸಲ್ಲದು. ಇನ್ನು ರಾತ್ರಿಯ ಜಾಗರಣೆ ಶರೀರದಲ್ಲಿ ರೂಕ್ಷತೆಯನ್ನು ಹೆಚ್ಚಿಸಿ ವಾತವನ್ನು ಕೆರಳಿಸುತ್ತದೆ ಎಂಬುದು ಶಾಸ್ತ್ರದ ಮತ. ವೃದ್ಧಾಪ್ಯವೇ ವಾತಪ್ರಧಾನವಾದ ಕಾಲ. ಒಣಗಿದ ಕಣ್ಣು, ಒಣಗಿದ ಮಲ, ಬಿಗಿದ ಕತ್ತು, ಚಂಚಲವಾದ ಮನಸ್ಸು, ಮಾಸ್ತರರ ತೊಂದರೆಗಳೆಲ್ಲ ಈ ಒಂದೇ ಬೇರಿನ ಕೊಂಬೆಗಳಾಗಿದ್ದವು.

ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಮೂರು ಆಧಾರಸ್ತಂಭಗಳ ಮೇಲೆ ಶರೀರ ನಿಂತಿದೆಯೆಂದು ಚರಕರು ಹೇಳುತ್ತಾರೆ. ರೋಗಕ್ಕೆ ಕಾರಣಗಳನ್ನು ಹೇಳುವಾಗ ಇಂದ್ರಿಯಗಳನ್ನು ಅತಿಯಾಗಿ ಅಥವಾ ತಪ್ಪಾಗಿ ಬಳಸುವುದನ್ನು ಎಣಿಸುತ್ತಾರೆ. ಬಹಳ ಹೊಳೆಯುವ ವಸ್ತುವನ್ನು ಅತಿಯಾಗಿ ನೋಡುವುದು ಕಣ್ಣಿನ ಅತಿಯೋಗ; ತೀರ ಹತ್ತಿರದಿಂದ ನೋಡುವುದು ಮಿಥ್ಯಾಯೋಗ. ಕತ್ತಲ ಕೋಣೆಯಲ್ಲಿ ಮುಖದ ಹತ್ತಿರ ಹಿಡಿದ ಮೊಬೈಲಿನಲ್ಲಿ ಎರಡೂ ಕೂಡಿವೆ. ಪರದೆಯನ್ನು ನೋಡುವಾಗ ನಾವು ಕಣ್ಣು ಮಿಟುಕಿಸುವುದು ಬಹಳ ಕಡಿಮೆಯಾಗಿ ಕಣ್ಣು ಒಣಗುತ್ತದೆ ಎಂದು ಆಧುನಿಕ ನೇತ್ರವೈದ್ಯರೂ ಹೇಳುತ್ತಾರೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಪ್ರಜ್ಞಾಪರಾಧ. ಧೀ, ಧೃತಿ, ಸ್ಮೃತಿ ಎಂಬ ಮೂರು ಶಕ್ತಿಗಳು ಜಾರಿದಾಗ ಮನುಷ್ಯನು ತನಗೆ ಅಹಿತವೆಂದು ತಿಳಿದದ್ದನ್ನೇ ಮಾಡುತ್ತಾನೆ. ಇವುಗಳಲ್ಲಿ ಧೃತಿ ಎಂದರೆ ಮನಸ್ಸನ್ನು ಹಿಡಿದು ನಿಲ್ಲಿಸುವ ಶಕ್ತಿ. ಮಾಸ್ತರರಲ್ಲಿ ಧೀ ಚೆನ್ನಾಗಿತ್ತು, ಸ್ಮೃತಿಯೂ ಚೆನ್ನಾಗಿತ್ತು. ಎದುರಾಳಿ ಬಿಟ್ಟ ಎಲೆಗಳೆಲ್ಲ ಅವರಿಗೆ ನೆನಪಿರುತ್ತಿದ್ದವು. ಸಡಿಲವಾಗಿದ್ದು ಧೃತಿ. ‘ಇನ್ನೊಂದೇ ಆಟ’ ಎಂಬ ಮಾತು ಹುಟ್ಟುವುದು ಅಲ್ಲಿಯೇ.

ಹಣವಿಲ್ಲದ ಆಟದಿಂದ ನಷ್ಟವಿಲ್ಲ ಎಂಬ ವಾದವನ್ನು ಈಗ ನೋಡಬಹುದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸುವ ಮಸೂದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಅದೇ ತಿಂಗಳ 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿದ್ದಿತು. ರಮ್ಮಿಯ ಸಾಲಕ್ಕೆ ಸಿಲುಕಿದ ಕುಟುಂಬಗಳ ಕಣ್ಣೀರನ್ನು ಕಂಡವರೆಲ್ಲ ಅದನ್ನು ಸ್ವಾಗತಿಸಿದ್ದಾರೆ, ನಾನೂ ಸ್ವಾಗತಿಸುತ್ತೇನೆ. ಆದರೆ ಕಾಯಿದೆ ಕಾಯುವುದು ನಮ್ಮ ಹಣವನ್ನು. ನಮ್ಮ ನಿದ್ರೆಯನ್ನು ಯಾವ ಕಾಯಿದೆಯೂ ಕಾಯಲಾರದು. ಹಣದ ಆಟದಲ್ಲಿ ಕಿಸೆ ಬರಿದಾದಾಗಲಾದರೂ ಆಟ ನಿಲ್ಲುತ್ತದೆ. ಪುಕ್ಕಟೆ ಆಟಕ್ಕೆ ಆ ತಡೆಯೂ ಇಲ್ಲ.

ಬುದ್ಧಿಗೆ ಕಸರತ್ತು ಎಂಬ ಎರಡನೆಯ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದಲ್ಲಿ 75 ವರ್ಷ ದಾಟಿದ 469 ಜನರನ್ನು ಹಲವು ವರ್ಷ ಗಮನಿಸಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಓದುವವರಲ್ಲಿ, ಹಲಗೆಯಾಟ ಆಡುವವರಲ್ಲಿ, ವಾದ್ಯ ನುಡಿಸುವವರಲ್ಲಿ, ನೃತ್ಯ ಮಾಡುವವರಲ್ಲಿ ಮರೆಗುಳಿತನ ಕಡಿಮೆ ಕಂಡುಬಂದಿತು. ಆಡಿದ್ದರಿಂದಲೇ ಬುದ್ಧಿ ಉಳಿಯಿತೋ, ಬುದ್ಧಿ ಉಳಿದಿದ್ದರಿಂದಲೇ ಆಡಿದರೋ ಎಂಬುದನ್ನು ಇಂಥ ಅಧ್ಯಯನ ನಿಶ್ಚಯಿಸಿ ಹೇಳಲಾರದು. ಮುಖ್ಯವಾಗಿ, ಆ ಹಿರಿಯರನ್ನು ಅಧ್ಯಯನಕ್ಕೆ ಸೇರಿಸಿಕೊಂಡದ್ದು 1980ರ ದಶಕದ ಆರಂಭದಲ್ಲಿ. ಆಗ ಅಂಗೈಯಲ್ಲಿ ಕಂಪ್ಯೂಟರ್ ಇರಲಿಲ್ಲ. ಹಲಗೆಯಾಟವೆಂದರೆ ಎದುರಿಗೆ ಇನ್ನೊಬ್ಬ ಮನುಷ್ಯನಿದ್ದ, ಅವನೊಡನೆ ಮಾತಿತ್ತು, ಚಹಾ ಇತ್ತು, ಜಗಳವೂ ಇತ್ತು. ಮರೆಗುಳಿತನಕ್ಕೆ ದಾರಿಯಾಗುವ, ಆದರೆ ತಿದ್ದಿಕೊಳ್ಳಬಹುದಾದ 14 ಅಂಶಗಳನ್ನು ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯ ಆಯೋಗವು 2024ರಲ್ಲಿ ಪಟ್ಟಿಮಾಡಿದೆ. ಅವುಗಳಲ್ಲಿ ಜನಸಂಪರ್ಕವಿಲ್ಲದಿರುವುದೂ ಒಂದು, ಶಾರೀರಿಕ ಚಟುವಟಿಕೆ ಇಲ್ಲದಿರುವುದೂ ಒಂದು, ಕಿವುಡುತನವೂ ಒಂದು. ಒಬ್ಬರೇ ಕೋಣೆಯಲ್ಲಿ ಕುಳಿತು ಆಡುವ ಆಟ ಮೊದಲಿನ ಎರಡಕ್ಕೂ ಮದ್ದಲ್ಲ. ಕಿವಿ ಕೇಳದ ಹಿರಿಯರು ಜನರ ನಡುವೆ ಕೂಡಲು ಸಂಕೋಚಪಟ್ಟು ಮೊಬೈಲಿನ ಆಸರೆ ಪಡೆಯುವುದನ್ನೂ ಕಂಡಿದ್ದೇನೆ. ಅವರಿಗೆ ಬೇಕಾದದ್ದು ಕಿವಿಯ ತಪಾಸಣೆ.

ಇನ್ನೂ ಒಂದು ಮಾತು. ಕೈಯಲ್ಲಿ ನಿಜವಾದ ಎಲೆ ಹಿಡಿದು ಆಡುವಾಗ ಎಲೆ ಕಲೆಸುವುದು, ಹಂಚುವುದು, ಜೋಡಿಸುವುದು, ಅಂಕ ಕೂಡಿಸಿ ಬರೆಯುವುದು ಎಲ್ಲವೂ ನಮ್ಮ ಕೆಲಸ. ಬೆರಳಿನ ಸಂದುಗಳಿಗೂ ಲೆಕ್ಕದ ಬುದ್ಧಿಗೂ ಅದೇ ಕಸರತ್ತು. ಮೊಬೈಲಿನಲ್ಲಿ ಇದನ್ನೆಲ್ಲ ಯಂತ್ರವೇ ಮಾಡಿ ಮುಗಿಸುತ್ತದೆ. ನಮಗೆ ಉಳಿಯುವುದು ಹೆಬ್ಬೆರಳಿನ ತುದಿಯಿಂದ ಒತ್ತುವುದಷ್ಟೇ.

ಇಷ್ಟು ಹೇಳಿದ ಮಾತ್ರಕ್ಕೆ ಇಸ್ಪೀಟೇ ಪಾಪ, ಮೊಬೈಲನ್ನು ಬಾವಿಗೆ ಎಸೆಯಿರಿ ಎನ್ನುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಎಲೆಯಾಟ ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಶ್ರೀತತ್ತ್ವನಿಧಿ’ಯಲ್ಲಿ ಗಂಜೀಫಾ ಎಲೆಗಳ ಆಟಗಳ ವಿವರಣೆಯೇ ಇದೆ. ಜೂಜು ಬೇರೆ, ವಿನೋದ ಬೇರೆ. ಕಾಯಕವನ್ನೇ ಪೂಜೆಯೆಂದು ಬಗೆದ ಶರಣಪರಂಪರೆ ನಮ್ಮದು, ನಿಜ. ಆದರೆ ಮೂವತ್ತೈದು ವರ್ಷ ಕಾಯಕ ಮಾಡಿ, ನಿವೃತ್ತಿಯಿಂದ ಆ ಕಾಯಕವೂ ಇಲ್ಲವಾಗಿ, ಬಾಳಸಂಗಾತಿಯೂ ಇಲ್ಲವಾದ ಮನುಷ್ಯನಿಗೆ ಸಂಜೆಯ ಹೊತ್ತು ಎಷ್ಟು ಉದ್ದವಾಗಿರುತ್ತದೆ ಎಂಬುದನ್ನು ಅನುಭವಿಸದವರು ಸುಲಭವಾಗಿ ತೀರ್ಪು ಕೊಡಬಾರದು. ಮಾಸ್ತರರಿಂದ ಆ ಆಟವನ್ನು ಪೂರ್ತಿ ಕಿತ್ತುಕೊಂಡಿದ್ದರೆ ರಾತ್ರಿ ಎರಡು ಗಂಟೆಗೆ ಅವರು ಸೂರು ನೋಡುತ್ತ ಮಲಗಿರುತ್ತಿದ್ದರು, ಅಷ್ಟೇ. ಆದ್ದರಿಂದ ನನ್ನ ಅಭಿಪ್ರಾಯ ಹೀಗೆ: ಆಟವನ್ನು ಬಿಡಿಸುವುದಲ್ಲ, ಆಟಕ್ಕೆ ಕೊನೆಯನ್ನು ಮರಳಿ ಕೊಡಿಸುವುದೇ ಚಿಕಿತ್ಸೆ. ಔಷಧಕ್ಕೆ ಮಾತ್ರೆ ಮತ್ತು ಕಾಲ ಹೇಗೆ ಮುಖ್ಯವೋ ವಿನೋದಕ್ಕೂ ಹಾಗೆಯೇ.

ಅವರಿಗೆ ನಾನು ಸೂಚಿಸಿದ ಕ್ರಮವನ್ನು ಇತರರ ಉಪಯೋಗಕ್ಕಾಗಿ ಇಲ್ಲಿ ಕೊಡುತ್ತೇನೆ. ಮೊದಲನೆಯದು ಕಾಲ. ಆಟವೇನಿದ್ದರೂ ಸಂಜೆ 5ರಿಂದ 6ರವರೆಗೆ, ಹಗಲ ಬೆಳಕಿನಲ್ಲಿ, ಕುರ್ಚಿಯಲ್ಲಿ ನೆಟ್ಟಗೆ ಕುಳಿತು. ಹಾಸಿಗೆಯ ಮೇಲೆ ಬೇಡ. ಪ್ರತಿ 20 ನಿಮಿಷಕ್ಕೊಮ್ಮೆ ಕಣ್ಣೆತ್ತಿ 20 ಅಡಿ ದೂರದ ಗಿಡವನ್ನೋ ಗುಡಿಯ ಶಿಖರವನ್ನೋ 20 ಸೆಕೆಂಡು ನೋಡಬೇಕು. ಎರಡನೆಯದು ಎಣಿಕೆ. ಆಟ ಶುರುಮಾಡುವ ಮೊದಲೇ ಇಂದು ಮೂರು ಆಟ ಎಂದು ಮನೆಯವರೊಬ್ಬರಿಗೆ ಬಾಯಿಬಿಟ್ಟು ಹೇಳಬೇಕು. ಮನಸ್ಸಿನಲ್ಲಿಯೇ ಮಾಡಿಕೊಂಡ ನಿರ್ಧಾರಕ್ಕೆ ಸಾಕ್ಷಿಯಿರುವುದಿಲ್ಲ. ಸೋಲಿನ ಮೇಲೆ ಏಳುವುದನ್ನು ಅಭ್ಯಾಸ ಮಾಡಬೇಕು. ಗೆದ್ದೇ ಏಳುತ್ತೇನೆ ಎಂಬ ಹಟವೇ ರಾತ್ರಿಯನ್ನು ನುಂಗುವುದು. ಮೂರನೆಯದು ಮೊಬೈಲಿನ ಸ್ಥಾನ. ರಾತ್ರಿ 9ರ ನಂತರ ಅದು ಅಡುಗೆಮನೆಯಲ್ಲೋ ಪಡಸಾಲೆಯಲ್ಲೋ ಇರಲಿ, ತಲೆದಿಂಬಿನ ಬಳಿ ಬೇಡ. ನಾಲ್ಕನೆಯದು ಸಂಗಡ. ವಾರಕ್ಕೆ ಎರಡು ದಿನವಾದರೂ ಅದೇ ಆಟವನ್ನು ನಿಜವಾದ ಎಲೆಗಳಿಂದ ನಿಜವಾದ ಮನುಷ್ಯನೊಡನೆ ಆಡಬೇಕು.

ನಿದ್ರೆಗೆ ನಾನು ಹೇಳಿದ್ದು ಮನೆಮದ್ದುಗಳನ್ನೇ. ರಾತ್ರಿಯೂಟ 8ರ ಒಳಗೆ, ಹಗುರವಾಗಿ. ಮಲಗುವ ಮುನ್ನ ಉಗುರುಬೆಚ್ಚಗಿನ ಎಳ್ಳೆಣ್ಣೆಯಿಂದ ಪಾದಗಳಿಗೆ ಹತ್ತು ನಿಮಿಷ ಅಭ್ಯಂಗ. ಪಾದಾಭ್ಯಂಗ ಕಣ್ಣಿಗೂ ಹಿತವೆಂದು ಶಾಸ್ತ್ರ ಹೇಳುತ್ತದೆ. ಎಣ್ಣೆ ಹಚ್ಚಿದ ಮೇಲೆ ಪಾದ ಒರೆಸಿಕೊಂಡೇ ಏಳಬೇಕು, ಜಾರಿ ಬೀಳುವ ಭಯವಿದೆ. ಜೀರ್ಣಶಕ್ತಿ ಇದ್ದವರಿಗೆ ಒಂದು ಲೋಟ ಬಿಸಿಹಾಲು. ಒಂದು ರಾತ್ರಿ ನಿದ್ರೆ ಕೆಟ್ಟರೆ, ಕಳೆದುಕೊಂಡ ಹೊತ್ತಿನ ಅರ್ಧದಷ್ಟನ್ನು ಮರುದಿನ ಬೆಳಗ್ಗೆ ಆಹಾರಕ್ಕೆ ಮೊದಲು ಮಲಗಿ ತುಂಬಿಕೊಳ್ಳಬಹುದೆಂದು ಅಷ್ಟಾಂಗಹೃದಯ ಹೇಳುತ್ತದೆ. ಊಟಮಾಡಿ ಮಧ್ಯಾಹ್ನವೆಲ್ಲ ಮಲಗುವುದು ಬೇಡ. ರಕ್ತದೊತ್ತಡ, ಮಧುಮೇಹದ ಮಾತ್ರೆಗಳನ್ನು ಯಾರೂ ತಾವಾಗಿ ನಿಲ್ಲಿಸಕೂಡದು.

ಕೆಲವರಿಗೆ ಇಷ್ಟು ಸಾಲದು. ಆಟ ಹಿಡಿತಕ್ಕೆ ಸಿಗದೆ, ಊಟ, ಸ್ನಾನ, ನೆಂಟರಿಷ್ಟರಿಗಿಂತ ಅದೇ ದೊಡ್ಡದಾಗಿ, ಕೆಡುಕಾಗುತ್ತಿದೆಯೆಂದು ತಿಳಿದೂ ಮುಂದುವರಿದರೆ ಅದು ಚಟವಲ್ಲ, ರೋಗ. ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಪಟ್ಟಿಯ 11ನೆಯ ಪರಿಷ್ಕರಣೆಯಲ್ಲಿ ಇದನ್ನು ಸೇರಿಸಿದ್ದು, ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರಿಗೆಂದೇ 2014ರಿಂದ ‘ಶಟ್’ ಎಂಬ ಚಿಕಿತ್ಸಾಲಯ ನಡೆಯುತ್ತಿದೆ. ಅಷ್ಟು ದೂರ ಹೋಗಲಾಗದವರು ಸರಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಇದರಲ್ಲಿ ನಾಚಿಕೆಯ ಮಾತಿಲ್ಲ.

ಮಾಸ್ತರರು ಅಂದು ಏಳುವ ಮುನ್ನ ಸೊಸೆಯನ್ನು ಹೊರಗೆ ಕಳಿಸಿ ಒಂದು ಮಾತು ಹೇಳಿದರು. ತಡವಾಗಿ ಏಳುವುದರಿಂದ ಬೆಳಗಿನ ಲಿಂಗಪೂಜೆ ತಪ್ಪಿ ಮೂರು ತಿಂಗಳಾಗಿತ್ತು. ಇಷ್ಟಲಿಂಗವನ್ನು ಇಟ್ಟುಕೊಳ್ಳುವ ಅಂಗೈಯಲ್ಲಿಯೇ ಮೊಬೈಲ್ ಹಿಡಿದು ಕೂಡುತ್ತೇನಲ್ಲ ಎಂದು ಅವರಿಗೆ ಕಣ್ಣುರಿಗಿಂತ ಹೆಚ್ಚಿನ ನೋವಿತ್ತು. “ಆಕಿ ಇದ್ದಾಗ ಹತ್ತು ಗಂಟೆ ಆತಂದ್ರ ಎಲಿ ಕಸಗೊಂಡು ‘ಸಾಕು, ಏಳ್ರಿ’ ಅಂತಿದ್ಲು. ಈಗ ಹಂಗನ್ನವ್ರಿಲ್ಲ,” ಎಂದರು. ನಾನು ಬರೆದ ಔಷಧಪಟ್ಟಿಗಿಂತ ಆ ಮಾತಿನಲ್ಲಿಯೇ ಅವರ ರೋಗನಿದಾನವಿತ್ತು.

ನಾಲ್ಕು ತಿಂಗಳು ಕಳೆದಿವೆ. ಅವರು ಪೂರ್ತಿ ಗುಣವಾಗಿದ್ದಾರೆಂದು ಹೇಳಲಾರೆ. ವಾರಕ್ಕೆ ಒಂದು ರಾತ್ರಿ ಇಂದಿಗೂ ನಿದ್ರೆ ಕೆಡುತ್ತದೆ. ಆದರೆ ಕಣ್ಣುರಿ ಕಡಿಮೆಯಾಗಿದೆ, ಮಲಶುದ್ಧಿಯಾಗುತ್ತಿದೆ, ಬೆಳಗಿನ ಪೂಜೆ ಮರಳಿ ನಡೆದಿದೆ. ನೆರೆಮನೆಯ ನಿವೃತ್ತ ಕಂಡಕ್ಟರರಿಗೆ ಜಿನ್ ರಮ್ಮಿ ಕಲಿಸಿದ್ದಾರೆ. ಆತ ನಿಯಮ ಮರೆಯುತ್ತಾನೆ, ಸೋತರೆ ಸಿಟ್ಟಾಗುತ್ತಾನೆ, ಎಂಟು ಗಂಟೆಯಾದೊಡನೆ ಊಟಕ್ಕೆ ಎದ್ದುಹೋಗುತ್ತಾನೆ ಎಂದು ಮಾಸ್ತರರ ದೂರು. ಅದಕ್ಕಿಂತ ಒಳ್ಳೆಯ ಎದುರಾಳಿ ಅವರಿಗೆ ಸಿಗಲಾರ.

ಮಠದ ಜಗಲಿಯ ಮೇಲೆ ಇಸ್ಪೀಟು ಹಾಕಿರೆಂದು ನಾನು ಹೇಳುತ್ತಿಲ್ಲ. ಆದರೆ ಊರೂರ ಕಟ್ಟೆಗಳ ಮೇಲೆ ಹಿಂದೆ ಹುಲಿಕುರಿ, ಚೌಕಾಬಾರ ನಡೆಯುತ್ತಿದ್ದವು. ಪ್ರಾರ್ಥನೆ, ಪ್ರಸಾದಗಳಿಗೆ ಬಂದ ಹಿರಿಯರು ಆ ಬಳಿಕ ಒಂದು ತಾಸು ಜೊತೆಗೆ ಕೂಡುವ ಏರ್ಪಾಡನ್ನು ಭಕ್ತರೇ ಮಾಡಿಕೊಳ್ಳಬಹುದು. ದೂರದ ಊರುಗಳಲ್ಲಿರುವ ಮಕ್ಕಳಲ್ಲಿ ನನ್ನ ವಿನಂತಿಯಿಷ್ಟೇ: ತಂದೆತಾಯಿಗಳ ಮೊಬೈಲಿಗೆ ಆಟ ಹಾಕಿಕೊಡುವುದು ತಪ್ಪಲ್ಲ, ಹಾಕಿಕೊಟ್ಟು ಸುಮ್ಮನಾಗುವುದು ತಪ್ಪು. ರಾತ್ರಿ ಒಂಬತ್ತು ಗಂಟೆಗೆ ಒಂದು ಕರೆ ಮಾಡಿ, ಊಟವಾಯಿತೇ ಎಂದು ಕೇಳಿ, “ಸಾಕು, ಇನ್ನು ಮಲಗಿರಿ” ಎಂದು ಹೇಳಿರಿ. ಆ ಒಂದು ಮಾತನ್ನು ಕಂಪ್ಯೂಟರ್ ಹೇಳುವುದಿಲ್ಲ. ನಾವು ಹೇಳಬೇಕು.